ವಿದ್ಯುತ್ ಕಾರುಗಳ ಚಾರ್ಜಿಂಗ್ ಕೇಬಲ್ ಕಳವು: ಆತಂಕವೆಷ್ಟು, ಎಚ್ಚರವೆಷ್ಟು?

ಪಂಪ್‌ಸೆಟ್ ಕೇಬಲ್‌ಗಳಂತೆಯೇ ವಿದ್ಯುತ್ ಕಾರುಗಳ ಚಾರ್ಜಿಂಗ್ ಕೇಬಲ್‌ಗಳೂ ಕಳವಾಗುವುದು ಮುಖ್ಯವಾಗಿ ಒಳಗಿನ ತಾಮ್ರಕ್ಕಾಗಿ. ಮನೆಯಲ್ಲಿ ಚಾರ್ಜ್ ಮಾಡುವ ಮಾಲೀಕರು ಹೆಚ್ಚು ಆತಂಕಪಡಬೇಕಿಲ್ಲ. ಚಾರ್ಜಿಂಗ್ ವೇಳೆ ಟೈಪ್-2 ಪ್ಲಗ್ ಸಾಮಾನ್ಯವಾಗಿ ಕಾರಿಗೆ ಬೀಗಗೊಂಡಿರುತ್ತದೆ. ಬಳಕೆಯ ನಂತರ ಕೇಬಲನ್ನು ಒಳಗಿಟ್ಟರೆ ಸಾಕು.

ಹೆಚ್ಚಿನ ಅಪಾಯವಿರುವುದು ಸಾರ್ವಜನಿಕ ವೇಗದ ಚಾರ್ಜರ್‌ಗಳಿಗೆ. ಅವುಗಳ ದಪ್ಪ ಕೇಬಲ್ ಯಂತ್ರಕ್ಕೇ ಜೋಡಣೆಯಾಗಿದ್ದು, ರಾತ್ರಿಯಿಡೀ ಹೊರಗಿರುತ್ತದೆ. ಗುಜರಿಯಲ್ಲಿ ಕಳ್ಳನಿಗೆ ದೊರೆಯುವುದು ಅಲ್ಪ ಹಣ. ಆದರೆ ದುರಸ್ತಿಯಾಗುವವರೆಗೆ ಆ ಚಾರ್ಜರ್ ಯಾರಿಗೂ ಉಪಯೋಗವಿಲ್ಲ.

ಆದ್ದರಿಂದ ಚಾರ್ಜರ್‌ಗೆ ಸ್ಥಳ ಒದಗಿಸುವ ಗ್ರಾಮ ಪಂಚಾಯಿತಿಗಳು ಬೀದಿದೀಪ, ಜನಸಂಚಾರ ಹಾಗೂ ಸಿಸಿಟಿವಿ ಇರುವ ಜಾಗವನ್ನೇ ಆಯ್ಕೆ ಮಾಡತಕ್ಕದ್ದು. ಕೇಬಲ್ ತುಂಡಾಗಿರುವುದು ಕಂಡುಬಂದಲ್ಲಿ ಅದನ್ನು ಮುಟ್ಟದೆ 112ಕ್ಕೆ ಕರೆ ಮಾಡತಕ್ಕದ್ದು. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 303ರಡಿ ಕಳವು, ಕಲಂ 317ರಡಿ ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಶಿಕ್ಷಾರ್ಹ. ಇದನ್ನು ಸ್ಥಳೀಯ ಗುಜರಿ ವ್ಯಾಪಾರಿಗಳಿಗೆ ಮನವರಿಕೆ ಮಾಡಿಕೊಟ್ಟರೆ ರೈತರ ಪಂಪ್‌ಸೆಟ್ ಕೇಬಲ್‌ಗಳಿಗೂ ರಕ್ಷಣೆ ದೊರೆಯುತ್ತದೆ.