ರೇಡಿಯೇಟರಿಗೆ ನೀರು ಹಾಕಿದವನು

ಜನವರಿಯಲ್ಲಿ ಯಶವಂತನಗರದಿಂದ ಸ್ಪಿತಿ ಕಣಿವೆಯ ಕಾಜಾವರೆಗೆ ಹಳೇ ಜಿಪ್ಸಿ ಓಡಿಸಿಕೊಂಡು ಹೋಗಿಬಂದೆ ಎಂಬ ಸುದ್ದಿ ಹರಡಿದ ಮೇಲೆ ಹೊಸಪೇಟೆ, ಕಂಪ್ಲಿ ಕಡೆಯ ಹುಡುಗರು ಫೋನ್ ಮಾಡುತ್ತಲೇ ಇದ್ದಾರೆ. ಯಾವ ಲೈಟ್ ಬಾರ್ ಹಾಕಿಸಿದಿರಿ, ವಿಂಚ್ ಬೇಕೇ ಬೇಕಾ, ಮೇಲೆ ಟೆಂಟು ಕಟ್ಟಿಸಿದರೆ ಹೇಗೆ? ಒಬ್ಬನಾದರೂ ರೇಡಿಯೇಟರ್ ಬಗ್ಗೆ ಕೇಳಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿಗೆ ಇನ್ನೊಂದು ಕಾರಣ ನನ್ನ ಹೆಂಡತಿಯ ತಮ್ಮ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಸೀಮೆಯ ಗಾಡಿಯನ್ನು ಚಳಿ ನಾಡಿಗೆ ಒಯ್ಯುವವರು ಅದಕ್ಕೆ ಏನು ಸೇರಿಸಬೇಕು ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ನಮ್ಮ ಸಂಡೂರಿನ ಅದಿರು ನೆಲ ಅದಕ್ಕೆ ಇಷ್ಟು ವರ್ಷ ಏನೇನು ಮಾಡಿದೆ ಎಂದು ಬಿಚ್ಚಿ ನೋಡಬೇಕು. ನನ್ನದು 1998ರ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬ್ಯುರೇಟರ್ ಎಂಜಿನ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಗಾಡಿಗಳನ್ನೆಲ್ಲ ಮಾರಿಕೊಂಡ ಗುತ್ತಿಗೆದಾರರೊಬ್ಬರಿಂದ ಕೊಂಡಿದ್ದು. ಅದಿರಿನ ರಸ್ತೆಯಲ್ಲಿ ದುಡಿದ ಗಾಡಿಯ ಹೊಟ್ಟೆಯೊಳಗೆ ಅರ್ಧ ಬುಟ್ಟಿ ಗುಡ್ಡವೇ ಇರುತ್ತದೆ. ಬಾಗಿಲಿನ ತಗಡಿನ ಒಳಗೆ, ಕೀಲಿ ತೂತಿನಲ್ಲಿ, ಬ್ರೇಕ್ ಡ್ರಮ್ಮಿನಲ್ಲಿ ಎಲ್ಲೆಲ್ಲೂ ಕೆಂಪು ಹುಡಿ. ಒಣಗಿದ್ದಷ್ಟು ದಿನ ಅದು ಸುಮ್ಮನಿರುತ್ತದೆ. ಅದಕ್ಕೆ ತೇವ ಸೇರಿ ರಾತ್ರಿ ಹೆಪ್ಪುಗಟ್ಟಿತೆಂದರೆ ಕೀಲಿ ತಿರುಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಜಿಪ್ಸಿಯಲ್ಲಿ ಕೆಳಗಿಳಿದು ಮುಂದಿನ ಚಕ್ರದ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿದ ಮೇಲೇ ಫೋರ್ ವೀಲ್ ಹಿಡಿಯುವುದು. ನನ್ನ ಗಾಡಿಯ ಹಬ್ಬು ಬಿಚ್ಚಿದರೆ ಗ್ರೀಸೂ ಅದಿರೂ ಬೆರೆತು ಕಲ್ಲಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು, ಪೆಟ್ರೋಲಿನಲ್ಲಿ ತೊಳೆದು, ಹೊಸ ಗ್ರೀಸು ತೆಳ್ಳಗೆ ಸವರಿದೆ.

ಹುಡಿಗಿಂತ ದೊಡ್ಡ ಕಿತಾಪತಿ ನಮ್ಮ ಮೆಕ್ಯಾನಿಕ್‌ಗಳದ್ದು. ಬಳ್ಳಾರಿ ಬಿಸಿಲಿಗೆ ಹಳೇ ಎಂಜಿನ್ ಕಾದರೆ ಅವರು ಮೊದಲು ಮಾಡುವುದೇ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವುದು. ನೀರು ಸದಾ ಹರಿಯುತ್ತದೆ, ಎಂಜಿನ್ ತಣ್ಣಗಿರುತ್ತದೆ, ಗಿರಾಕಿ ಖುಷಿಯಾಗಿ ಮನೆಗೆ ಹೋಗುತ್ತಾನೆ. ಅದೇ ಗಾಡಿಯನ್ನು ಮೈನಸ್ 20ರ ಊರಿಗೆ ಒಯ್ದರೆ ಎಂಜಿನ್ ಕಾಯುವುದೇ ಇಲ್ಲ. ಪೆಟ್ರೋಲ್ ಕುಡಿಯುತ್ತದೆ, ಹೀಟರ್ ತಣ್ಣನೆಯ ಗಾಳಿ ಊದುತ್ತದೆ. ನನ್ನ ಗಾಡಿಯಲ್ಲೂ ವಾಲ್ವ್ ಇರಲಿಲ್ಲ. ಹೊಸದು ಹಾಕಿಸಲು ಹೋದರೆ ಮೆಕ್ಯಾನಿಕ್ ನನ್ನನ್ನೇ ವಿಚಿತ್ರವಾಗಿ ನೋಡಿದ.

ರೇಡಿಯೇಟರಿನಲ್ಲಿ ಇದ್ದದ್ದು ಬೋರಿನ ನೀರು. ಆ ನೀರು ಎಷ್ಟು ಗಡಸು ಎಂದು ಹಂಡೆಯ ತಳ ನೋಡಿದವರಿಗೆ ನಾನು ಹೇಳಬೇಕಿಲ್ಲ. ರೇಡಿಯೇಟರ್ ಇಳಿಸಿ, ಒಳಗಿನ ಸುಣ್ಣ ತೆಗೆಸಿ, ಎಥಿಲೀನ್ ಗ್ಲೈಕಾಲ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಅಳೆದು ತುಂಬಿದೆ. ಅರ್ಧಕ್ಕರ್ಧ ಇದ್ದರೆ ಅದು ಮೈನಸ್ 35ಕ್ಕೂ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಕಾಲು ಭಾಗಕ್ಕೆ ಇಳಿಯಿತೋ, ಮೈನಸ್ 12ರ ಆಸುಪಾಸಿನಲ್ಲೇ ಹರಳು ಕಟ್ಟಲು ಶುರು. ಈ ಲೆಕ್ಕ ನೆನಪಿರಲಿ.

ಎಂಜಿನ್ ಆಯಿಲ್ ಬದಲಿಸಿದೆ. ನಾವು ಇಲ್ಲಿ ಹಾಕುವ 20ಡಬ್ಲ್ಯೂ-50 ಆ ಚಳಿಯಲ್ಲಿ ಗಟ್ಟಿಯಾಗಿ ಸ್ಟಾರ್ಟರನ್ನೇ ತಡೆಯುತ್ತದೆ, 5ಡಬ್ಲ್ಯೂ-30 ಬೇಕು. ಹೊಸ ಬ್ಯಾಟರಿ ಹಾಕಿಸಿದೆ, ಯಾಕೆಂದರೆ ಮೈನಸ್ 18ರಲ್ಲಿ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಟೈರಿಗೆ ಕಟ್ಟುವ ಚೈನು ತರಿಸಿ ಮನೆ ಮುಂದೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದೆ. ಪಕ್ಕದ ಮನೆಯ ಅಜ್ಜ ಕಟ್ಟೆಯ ಮೇಲೆ ಕೂತು, ಹಂಪಿ ಗುಡಿಯ ಲಕ್ಷ್ಮಿ ಆನೆ ಕಾಲಿಗೂ ಇಷ್ಟು ಸರಪಳಿ ಇಲ್ಲಲೇ ಅಂದ. ನಗಲಿ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ಮೊದಲ ಸಲ ಚೈನು ಕಟ್ಟಲು ಹೊರಟವನ ಗತಿ ಅಜ್ಜನಿಗೆ ಗೊತ್ತಿಲ್ಲ.

ಡಿಸೆಂಬರ್ ಮೊದಲ ವಾರಕ್ಕೇ ಹೊರಡುವವರಿದ್ದೆವು, ತಡೆದದ್ದು ಆರ್‌ಸಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5000 ರೂಪಾಯಿಗೆ ಏರಿತ್ತು. ಅದನ್ನೂ ಕಟ್ಟಿದೆ. ಕಚೇರಿ ಯಾವೂರಿನದೆಂದು ಹೇಳುವುದಿಲ್ಲ, ಅಲ್ಲಿನ ಇನ್‌ಸ್ಪೆಕ್ಟರ್ ಸಾಹೇಬರು ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಮಸುಕಾಗಿದೆ ಎಂದು ವಾಪಸು ಕಳಿಸಿದರು. ಅದಿರಿನ ಹುಡಿ ಕೂತ ಜಾಗ, ಮಸುಕಾಗದೆ ಇನ್ನೇನು? ಉಜ್ಜಿ ತೊಳೆದು ಹೋದರೆ ಸಾಹೇಬರು ರಜೆ. ಮತ್ತೆ ಹೋದರೆ ಬುಲ್ ಬಾರ್ ತೆಗೆಸಿ ಬನ್ನಿ ಎಂದರು. ಅದೊಂದು ಮಾತು ಮಾತ್ರ ನ್ಯಾಯವಾದದ್ದು. ಕೇಂದ್ರ ಸರಕಾರ 2017ರಲ್ಲೇ ಬುಲ್ ಬಾರ್ ಬೇಡ ಎಂದಿದೆ, ಅದನ್ನು ಹಾಕಿಸಿದವನೂ ನಾನಲ್ಲ, ನನ್ನ ಭಾಮೈದ. ಅಂತೂ ಡಿಸೆಂಬರ್ ಪೂರ್ತಿ ಹೋಯಿತು. ನಾವು ಕಾಜಾ ಮುಟ್ಟಿದ್ದು ವರ್ಷದಲ್ಲೇ ಅತಿ ಚಳಿಯ ದಿನಗಳಲ್ಲಿ. ಅದಕ್ಕೆ ಕಾರಣ ಒಂದು ಪೆನ್ಸಿಲ್ ಅಚ್ಚು.

ದಾರಿ ಸುಲಭ. ಹೊಸಪೇಟೆಯಿಂದ ಹೆದ್ದಾರಿ 50 ಹಿಡಿದು ವಿಜಯಪುರ, ಅಲ್ಲಿಂದ ಹೆದ್ದಾರಿ 52ರಲ್ಲಿ ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ. ದೆಹಲಿ ಕಡೆ ತಲೆಯನ್ನೂ ಹಾಕಲಿಲ್ಲ. ಅಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಗಾಡಿ ಓಡುವಂತಿಲ್ಲವೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಚಂಡೀಗಢ ದಾಟಿ ಶಿಮ್ಲಾ, ನಾರ್ಕಂಡಾ, ರಾಂಪುರ, ರೆಕಾಂಗ್ ಪಿಯೊ. ಖಾಬ್ ಹತ್ತಿರ ಸಟ್ಲೆಜ್ ಬಿಟ್ಟು ಸ್ಪಿತಿ ನದಿಯ ದಂಡೆ. ಮನಾಲಿ ಕಡೆಯ ಕುಂಜುಂ ಕಣಿವೆದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಕಿನ್ನೌರ್ ಕಡೆಯಿಂದಲೇ ಹೋಗಬೇಕು, ಅಲ್ಲಿಂದಲೇ ಬರಬೇಕು.

ಇನ್ನು ಭಾಮೈದ. ಗಾಡಿಯ ತಯಾರಿಯಲ್ಲಿ ಅವನ ಪಾಲು ಮೇಲಿನ ಕ್ಯಾರಿಯರ್, ಅದರ ಮುಂದೆ ಸಾಲಾಗಿ ಲೈಟು, ಹಿಂಬದಿಗೆ ಒಂದು ಸ್ಟಿಕ್ಕರ್. ದಾರಿಯಲ್ಲಿ ಕೆಲಸ ಹಂಚಿಕೊಂಡಿದ್ದೆವು: ಬೆಳಗ್ಗೆ ಟೈರು, ನಟ್ಟು, ಹಬ್ಬು ನೋಡುವುದು ನಾನು, ಬಾನೆಟ್ ಎತ್ತಿ ಆಯಿಲ್, ಕೂಲಂಟ್, ಬೆಲ್ಟು ನೋಡುವುದು ಅವನು. ಕೇಳಿದಾಗಲೆಲ್ಲ ಒಂದೇ ಉತ್ತರ, “ಎಲ್ಲಾ ಸರಿ ಐತಿ ಮಾವ.”

ಆ ವರ್ಷ, ಅಂದರೆ 2024ರ ಜನವರಿಯಲ್ಲಿ, ಹಿಮಾಚಲದಲ್ಲಿ ತಿಂಗಳ ಕೊನೆಯವರೆಗೂ ಹಿಮವೇ ಸರಿಯಾಗಿ ಬೀಳಲಿಲ್ಲ. ಚೈನಿಗೆ ಕೆಲಸ ಬಿದ್ದದ್ದು ನೆರಳಿನ ತಿರುವುಗಳಲ್ಲಿ ನೀರು ಹರಿದು ಗಾಜಾದ ಕಡೆ ಮಾತ್ರ. ನಮಗೆ ಅದೃಷ್ಟ ಅನ್ನಿಸಿತು. ಆದರೆ ಮೋಡವಿಲ್ಲದ ರಾತ್ರಿ ನೆಲದ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಿಮ ಬೀಳುವ ರಾತ್ರಿಗಿಂತ ಚುಕ್ಕಿ ಹೊಳೆಯುವ ರಾತ್ರಿಯ ಚಳಿ ಕ್ರೂರ. ತಾಬೋದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಫ್ಯಾನ್ ಬೆಲ್ಟು ಒಮ್ಮೆ ಚೀರಿ ಸುಮ್ಮನಾಯಿತು. “ಚಳಿಗೆ ಬೆಲ್ಟು ಬಿಗಿದೈತಿ” ಎಂದು ನನ್ನ ಮೆಕ್ಯಾನಿಕಲ್ ಎಂಜಿನಿಯರ್ ಘೋಷಿಸಿದ. ಅವನು ಓದಿದ್ದು ಬಿ.ಕಾಂ.

ಕಾಜಾದ ಬೆಳಗು. ರಾತ್ರಿ ಬಿಚ್ಚಿ ಕೋಣೆಯೊಳಗೆ ಇಟ್ಟುಕೊಂಡಿದ್ದ ಬ್ಯಾಟರಿಯನ್ನು ಒಯ್ದು ಕೂರಿಸಿದೆ. ಚೋಕ್ ಎಳೆದು ಕೀಲಿ ತಿರುಗಿಸಿದರೆ ಎಂಜಿನ್ ಹಿಡಿದುಕೊಂಡಿತು. ಪಕ್ಕದಲ್ಲಿ ದೆಹಲಿ ನೋಂದಣಿಯ ಹೊಸ ಡೀಸೆಲ್ ಗಾಡಿಯೊಂದು ಉಸಿರೇ ಎತ್ತದೆ ನಿಂತಿತ್ತು. ಅದರ ಟ್ಯಾಂಕಿನಲ್ಲಿ ಬಯಲುಸೀಮೆಯ ಡೀಸೆಲ್ ಮೇಣಗಟ್ಟಿತ್ತು. ನನಗೆ ಹೆಮ್ಮೆ ಉಕ್ಕಿತು. ಆಗ ಬೆಲ್ಟು ಚೀರಿತು. ಈ ಸಲ ನಿಲ್ಲಲಿಲ್ಲ. ರಬ್ಬರ್ ಸುಟ್ಟ ವಾಸನೆ ಬಂತು. ಹೀಟರ್ ಮುಂದೆ ಕೈ ಹಿಡಿದೆ, ಐಸಿನಂಥ ಗಾಳಿ. ಮೀಟರಿನ ಮುಳ್ಳು ನೋಡಿದರೆ ಮೇಲೇರುತ್ತಿದೆ. ಹೊರಗೆ ಮೈನಸ್ ಇಪ್ಪತ್ತು ದಾಟಿದ ಚಳಿ, ಒಳಗೆ ಎಂಜಿನ್ ಕುದಿಯಲು ಹೊರಟಿದೆ!

ಕೀಲಿ ತಿರುವಿ ಆಫ್ ಮಾಡಿದೆ. ಬಾನೆಟ್ ಎತ್ತಿ ರೇಡಿಯೇಟರಿನ ಕೆಳಗಿನ ಹೋಸ್ ಅಮುಕಿದೆ. ಒಳಗೆ ಕರಕರ ಎಂದಿತು. ಆ ಸದ್ದು ನನಗೆ ಇವತ್ತಿಗೂ ಕೈಯಲ್ಲಿದೆ. ನೀರಿನ ಪಂಪು ಹೆಪ್ಪಿನೊಳಗೆ ಸಿಕ್ಕಿಕೊಂಡಿದೆ, ಅದಕ್ಕೇ ಬೆಲ್ಟು ಜಾರಿ ಚೀರಿದ್ದು. ರೇಡಿಯೇಟರ್ ಹೋದರೆ ಹೋಗಲಿ. ಎಂಜಿನ್ನಿನ ಬ್ಲಾಕ್ ಸೀಳಿದ್ದರೆ? ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ ಒಂಬತ್ತರಷ್ಟು ಹಿಗ್ಗುತ್ತದೆ, ಎರಕದ ಬ್ಲಾಕ್ ಅಷ್ಟು ಹಿಗ್ಗುವುದಿಲ್ಲ, ಒಡೆಯುತ್ತದೆ. ಹಾಗಾದರೆ ಗಾಡಿಯನ್ನು ಆ ಅಂಗಳದಲ್ಲೇ ಬಿಟ್ಟು ಬಸ್ಸು ಹಿಡಿಯಬೇಕು, ಬೇಸಿಗೆಯಲ್ಲಿ ಮತ್ತೆ ಬರಬೇಕು.

ನಾವು ತಂಗಿದ್ದ ಮನೆಯ ಯಜಮಾನರು ಅನುಭವಸ್ಥರು. ಒಂದು ತಗಡಿನ ತಟ್ಟೆಯಲ್ಲಿ ಕೆಂಡ ತಂದು ಎಂಜಿನ್ ಕೆಳಗೆ ಸರಿಸಲು ಬಂದರು. ಅಲ್ಲಿನ ಲಾರಿಯವರು ಹಾಗೇ ಮಾಡುತ್ತಾರಂತೆ. ನಾನು ಅಡ್ಡ ನಿಂತೆ. ಅದು ಡೀಸೆಲ್ ಲಾರಿಗೆ ಸರಿ, ಇದು ಪೆಟ್ರೋಲು, ಕಾರ್ಬ್ಯುರೇಟರು. ಭಾಮೈದ ಕುದಿಯುವ ನೀರಿನ ಕೆಟಲ್ ಹಿಡಿದು ಬಂದ. ಅವನಿಗೂ ಅಡ್ಡ ನಿಂತೆ. ಹೆಪ್ಪುಗಟ್ಟಿದ ಎಂಜಿನ್ನಿಗೆ ಕುದಿನೀರು ಸುರಿದರೆ ಸೀಳದಿದ್ದ ಬ್ಲಾಕೂ ಸೀಳುತ್ತದೆ. ಕಂಬಳಿ ಹೊದಿಸಿ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಟವೆಲನ್ನು ಹೋಸಿಗೆ ಸುತ್ತಿ, ಬಿಸಿಲಿಗೆ ಕಾಯುತ್ತ ಕೂತೆವು. ಬೆಟ್ಟಗಳ ನಡುವಿನ ಊರು, ಸೂರ್ಯ ಅಂಗಳಕ್ಕೆ ಇಳಿಯಲು ಆತುರವೇನೂ ಪಡಲಿಲ್ಲ. ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತಿತ್ತು. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿತ್ತು, ಗಂಟಲಲ್ಲಿ ಇಳಿಯಲಿಲ್ಲ. ಭಾಮೈದ ಅಷ್ಟೂ ಹೊತ್ತು ವಿಡಿಯೊ ಮಾಡುತ್ತಿದ್ದ.

ಬಿಸಿಲು ಬಾನೆಟ್ ಮೇಲೆ ಬಿದ್ದು ಬಹಳ ಹೊತ್ತಾದ ಮೇಲೆ ಹೋಸ್ ಮೆತ್ತಗಾಯಿತು. ಆಯಿಲ್ ನೋಡುವ ಡಿಪ್‌ಸ್ಟಿಕ್ ಎಳೆಯಬೇಕು. ಬ್ಲಾಕ್ ಒಳಗೆ ಸೀಳಿದ್ದರೆ ಆಯಿಲಿಗೆ ನೀರು ಬೆರೆತು ಬೆಳ್ಳಗಾಗಿರುತ್ತದೆ. ಎಳೆಯಲು ಧೈರ್ಯ ಬರಲಿಲ್ಲ. ಕುಮಾರಸ್ವಾಮಿ ದೇವರನ್ನು ನೆನೆದು ಎಳೆದೆ. ಆಯಿಲ್ ಆಯಿಲಿನಂತೆಯೇ ಇತ್ತು. ಒರೆಸಿ ಮತ್ತೆ ಎಳೆದೆ, ಮತ್ತೆ ನೋಡಿದೆ. ಬ್ಲಾಕಿನ ಪಕ್ಕದಲ್ಲಿ ಕೋರ್ ಪ್ಲಗ್ ಎಂಬ ತಗಡಿನ ಬಿಲ್ಲೆಗಳಿರುತ್ತವೆ. ಅವುಗಳಲ್ಲೊಂದು ಒತ್ತಡಕ್ಕೆ ಕೊಂಚ ಹೊರಗೆ ಸರಿದು, ಅದರ ಅಂಚಿನಿಂದ ಹನಿ ಜಿನುಗುತ್ತಿತ್ತು. ಬ್ಲಾಕ್ ಉಳಿದಿತ್ತು.

ಕಾಕ್ ತಿರುಗಿಸಿ ಕೂಲಂಟನ್ನು ಬಕೆಟ್ಟಿಗೆ ಬಿಟ್ಟಾಗ ಕತೆ ಬಯಲಾಯಿತು. ನಾನು ತುಂಬಿದ್ದು ದಟ್ಟ ಹಸಿರು. ಬಕೆಟ್ಟಿನಲ್ಲಿ ಬಿದ್ದದ್ದಕ್ಕೆ ಬಣ್ಣವೇ ಇಲ್ಲ.

“ಏನಲೇ ಇದು?”

“ಧುಳೆ ದಾಟಿದ ಮ್ಯಾಗ ಕಡಿಮಿ ಆಗಿತ್ತು ಮಾವ. ಕುಡಿಯೋ ನೀರು ಹಾಕಿದೆ. ಬಿಸ್ಲೇರಿನ, ಬೋರಿಂದಲ್ಲ.”

ಧುಳೆಯಲ್ಲಿ, ಇಂದೋರಿನಲ್ಲಿ, ಕೋಟಾದಲ್ಲಿ, ಇನ್ನೆಲ್ಲಿ ಎಂದು ಅವನಿಗೂ ನೆನಪಿಲ್ಲ. ಕೆಳಗಿನ ಹೋಸಿನ ಕ್ಲಾಂಪ್ ಸಡಿಲವಾಗಿ ಸೋರುತ್ತಿತ್ತು. ಕೂಲಂಟ್ ಹೋದಂತೆಲ್ಲ ಅವನು ನೀರು ತುಂಬುತ್ತ ಬಂದಿದ್ದ. ಹಾಗಾದರೆ ನಾನು ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದ ಕೂಲಂಟ್ ಡಬ್ಬಿ? ಅದನ್ನು ಹೊಸಪೇಟೆಯಲ್ಲೇ ಇಳಿಸಿದ್ದನಂತೆ, ಅವನ ಡ್ರೋನ್ ಬ್ಯಾಗಿಗೆ ಜಾಗ ಬೇಕಿತ್ತಂತೆ.

ಆಮೇಲಿನದು ಬೇಗ ಮುಗಿಯಿತು. ಕೋರ್ ಪ್ಲಗ್ಗಿನ ಸುತ್ತ ಒಣಗಿಸಿ, ಮರಳು ಕಾಗದದಲ್ಲಿ ತಿಕ್ಕಿ, ಎಂ-ಸೀಲ್ ಮೆತ್ತಿ, ರಾತ್ರಿಯಿಡೀ ಬಿಟ್ಟೆವು. ಕಾಜಾದ ಟ್ಯಾಕ್ಸಿ ಚಾಲಕರೊಬ್ಬರು ತಮ್ಮ ಬಳಿ ಇದ್ದ ಕೂಲಂಟನ್ನು ಕೊಂಡ ಬೆಲೆಗೇ ಕೊಟ್ಟರು. ಅದೇ ಎಂ-ಸೀಲ್ ಯಶವಂತನಗರದವರೆಗೂ ತಡೆಯಿತು.

ಹೋಗುವವರಿಗೆ ಕೆಲವು ಮಾತು. ಕೂಲಂಟ್ ಅಳೆಯುವ ಪುಟ್ಟ ಟೆಸ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬಣ್ಣ ನಂಬಬೇಡಿ, ಅಗ್ಗದ ರೆಡಿಮಿಕ್ಸ್ ಡಬ್ಬಿಗಳಲ್ಲಿ ಬಣ್ಣ ಜಾಸ್ತಿ, ಗ್ಲೈಕಾಲ್ ಕಮ್ಮಿ. ಕ್ಲಾಂಪುಗಳನ್ನು ಹೊಸದಾಗಿ ಹಾಕಿಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿಸಿ. ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ರೆಕಾಂಗ್ ಪಿಯೊ ಕೆಳಗಿನ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ. ಆಮೇಲೆ ಬಂಕ್ ನೆಚ್ಚಬಹುದಾದದ್ದು ಕಾಜಾದಲ್ಲೇ. ಕಾಜಾದ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಊರಿನದರ ಮೂರರಲ್ಲಿ ಎರಡು ಪಾಲು. ಕಾರ್ಬ್ಯುರೇಟರ್ ಗಾಡಿ ಹೊಗೆ ಕಾರಿ ಸ್ಪಾರ್ಕ್ ಪ್ಲಗ್‌ಗಳು ಕಪ್ಪಾಗುತ್ತವೆ, ಒಂದು ಸೆಟ್ ಹೆಚ್ಚಿಗೆ ಇರಲಿ. ಬಾನೆಟ್ ಎತ್ತಿ ನೋಡುವ ಕೆಲಸವನ್ನು ಸಂಬಂಧಿಕರಿಗೆ ಕೊಡಬೇಡಿ.

ಭಾಮೈದ ಹೊಸಪೇಟೆಯಲ್ಲಿ ಹೇಳುವ ಕತೆಯೇ ಬೇರೆ. ಅದರಲ್ಲಿ ಗಾಡಿ ಕೆಟ್ಟದ್ದು ಮಾವನ ಹಳೇ ಕ್ಲಾಂಪಿನಿಂದ, ಮರುಭೂಮಿಯ ಅಂಚಿನಲ್ಲಿ ನೀರು ಹಾಕಿ ಎಂಜಿನ್ ಉಳಿಸಿದ್ದು ಅವನು. ವಿಡಿಯೊ ಕೂಡ ತೋರಿಸುತ್ತಾನೆ. ಬಕೆಟ್ಟಿನ ಭಾಗ ಅದರಲ್ಲಿಲ್ಲ. ಮೊನ್ನೆ ಏಪ್ರಿಲ್ ಬಿಸಿಲಿಗೆ ಮೆಕ್ಯಾನಿಕ್ ಮತ್ತೆ ಥರ್ಮೋಸ್ಟಾಟ್ ತೆಗೆದುಬಿಡೋಣ ಎಂದ. ಬೇಡ ಎಂದೆ. ಸುಣ್ಣ ಕಟ್ಟದ ರೇಡಿಯೇಟರ್ ಇದ್ದರೆ 82 ಡಿಗ್ರಿಗೆ ತೆರೆಯುವ ವಾಲ್ವ್ ಬಳ್ಳಾರಿ ಬೇಸಿಗೆಗೂ ಸಾಕು, ಮುಳ್ಳು ಅರ್ಧ ದಾಟಿಲ್ಲ.