ಅಂಚಿನ ನೇರಳೆ ಗೆರೆ

ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಹಕ್ಕಿ ನೋಡುತ್ತಾ ಬಂದವನು ನಾನು. ಲೆನ್ಸಿನ ವಿಷಯದಲ್ಲಿ ಮಾಡಿದ ತಪ್ಪುಗಳನ್ನು ಬರೆದಿಡುತ್ತಿದ್ದೇನೆ. ಹೊಸಬರಿಗೆ ದುಡ್ಡಾದರೂ ಉಳಿಯಲಿ.

1. 'ಇಡಿ' ಎಂಬ ಎರಡಕ್ಷರ ನಂಬಿ ಕೊಂಡೆ.
ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಬೆಳ್ಳನೆಯ ಆಕಾಶದೆದುರು ಅವುಗಳ ಕಪ್ಪು ನೆತ್ತಿಯ ಅಂಚಿಗೆ ನನ್ನ ಹಳೇ ಬೈನಾಕ್ಯುಲರ್ ನೇರಳೆ ಗೆರೆ ಎಳೆಯುತ್ತಿತ್ತು. ಬಣ್ಣಗಳೆಲ್ಲ ಒಂದೇ ಕಡೆ ಕೂಡದೆ ಚದುರಿದಾಗ ಹೀಗಾಗುತ್ತದೆ. ಸಾಲ ಮಾಡಿ, ಬಣ್ಣವನ್ನು ಕಡಿಮೆ ಚದುರಿಸುವ 'ಇಡಿ' ಗಾಜಿನದು ತಂದೆ. ಗೆರೆ ತೆಳುವಾಯಿತು, ಹೋಗಲಿಲ್ಲ. ಆಮೇಲೆ ಓದಿ ತಿಳಿದೆ: ಅಬ್ಬೆ ಸಂಖ್ಯೆ ಹೆಚ್ಚಿದ್ದಷ್ಟೂ ಬಣ್ಣದ ಚದುರುವಿಕೆ ಕಡಿಮೆ. ಮಾಮೂಲಿ ಕ್ರೌನ್ ಗಾಜಿಗೆ ಅದು ಸುಮಾರು 64, ಎಫ್‌ಪಿಎಲ್-51ಕ್ಕೆ 82, ಎಫ್‌ಪಿಎಲ್-53ಕ್ಕೂ ಫ್ಲೋರೈಟ್ ಹರಳಿಗೂ 95ರ ಹತ್ತಿರ. ಆ ಎರಡು ಎಫ್‌ಪಿಎಲ್ ಗಾಜುಗಳ ಹೆಸರೂ ಡಬ್ಬದ ಮೇಲೆ ಬರೀ 'ಇಡಿ'. ಯಾವ ಗಾಜು ಎಂದು ಅಂಗಡಿಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಹೊರಗೆ ಬಂದು ಆಕಾಶದೆದುರು ತೆಂಗಿನ ಗರಿಯ ಅಂಚು ನೋಡಿ, ಆಮೇಲೆ ದುಡ್ಡು ಕೊಡಿ.

2. ಬಿಸಿಲಿನ ತಪ್ಪನ್ನು ಗಾಜಿನ ಮೇಲೆ ಹೊರಿಸಿದೆ.
ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಒಂದು ಮಧ್ಯಾಹ್ನ ಕೃಷ್ಣಮೃಗದ ಕೊಂಬು ನೀರಲ್ಲಿ ಕದಡಿದಂತೆ ಕಂಡಿತು. ಫ್ಲೋರೈಟ್ ಇದ್ದರೆ ಸರಿಹೋದೀತು ಎಂದುಕೊಂಡೆ. ಆದರೆ ನೆಲದ ಕಾವಿಗೆ ಗಾಳಿಯೇ ನಡುಗುತ್ತಿತ್ತು. ಅದಕ್ಕೆ ಯಾವ ಗಾಜೂ ಮದ್ದಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಬೈನಾಕ್ಯುಲರಿನಲ್ಲಿ ಕೊಂಬಿನ ಉಂಗುರಗಳು ಎಣಿಸುವಂತೆ ಕಂಡವು.

3. ಲೆನ್ಸನ್ನು ಅಂಗಿಯ ಚುಂಗಿನಲ್ಲಿ ಒರೆಸಿದೆ.
ಅಜ್ಜಂಪುರದ ಹೊಲದ ದಾರಿಯ ದೂಳು ಅದು. ಗೀರು ಇವತ್ತಿಗೂ ಇದೆ. ದೂಳಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7, ಫ್ಲೋರೈಟಿನದು ಬರೀ 4. ಇಡಿ ಗಾಜೂ ಮಾಮೂಲಿ ಗಾಜಿಗಿಂತ ಮೆತ್ತಗೆ. ಈಗ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದುತ್ತೇನೆ, ಆಮೇಲೆ ಮೆತ್ತನೆಯ ಬ್ರಷ್. ಬಟ್ಟೆ ಕೊನೆಗೆ.

4. ಟೆಲಿಸ್ಕೋಪನ್ನು ಹೊರಗಿಟ್ಟ ಕೂಡಲೇ ಗುರುಗ್ರಹ ಹುಡುಕಿದೆ.
ಡಿಸೆಂಬರಿನ ಚಳಿ. ಗೆಳೆಯರ ಫ್ಲೋರೈಟ್ ಟೆಲಿಸ್ಕೋಪಿನಲ್ಲಿ ಗುರುವಿನ ಪಟ್ಟೆಗಳು ಕಾಣಲೇ ಇಲ್ಲ. ಶಾಖಕ್ಕೆ ಈ ಹರಳು ಕ್ರೌನ್ ಗಾಜಿನ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಚಳಿಗೆ ಹಾಗೆಯೇ ಕುಗ್ಗುತ್ತದೆ. ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಕಂಡವು.

5. ಇನ್ನೂ ಹತ್ತಿರ ಹೋಗೋಣ ಎಂದೆ.
ಇದು ಗಾಜಿನ ತಪ್ಪಲ್ಲ, ನನ್ನದು. ದೋಣಿಯವರನ್ನು ಒತ್ತಾಯಿಸಿ ನಡುಗಡ್ಡೆಯ ಪಕ್ಕಕ್ಕೆ ಹೋದೆ. ಟರ್ನ್‌ಗಳು ಒಟ್ಟಿಗೆ ಎದ್ದವು, ಬರಿನೆಲದ ಮೊಟ್ಟೆಗಳು ಸುಡುಬಿಸಿಲಿಗೆ ಬಿದ್ದವು. ಕೊರಳಲ್ಲಿ ಒಳ್ಳೆಯ ಬೈನಾಕ್ಯುಲರೇ ನೇತಾಡುತ್ತಿತ್ತು. ಬೇಸಿಗೆಯಲ್ಲಿ ಲಕ್ಕವಳ್ಳಿಗೆ ಹೋಗುವವರು ದಯವಿಟ್ಟು ದೋಣಿಯನ್ನು ದೂರದಲ್ಲೇ ನಿಲ್ಲಿಸಲು ಹೇಳಿ.