ನಿದ್ದೆ ಬಾರದಿದ್ದರೆ ಮಾತ್ರೆ ಆಮೇಲೆ, ಪರೀಕ್ಷೆ ಮೊದಲು

ಪ್ರಶ್ನೆ: ನಮ್ಮದು ಕಾಡಂಚಿನ ಜಮೀನು. ಆನೆ, ಹಂದಿ ಕಾಟಕ್ಕೆ ಮುಸುಕಿನ ಜೋಳ ಕಟಾವಾಗುವ ತನಕ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು. ಬೆಳಿಗ್ಗೆ ಬಂದು ಮಲಗಿದರೆ ಎರಡು ತಾಸಿನಲ್ಲೇ ಎಚ್ಚರ. ತಲೆನೋವು, ಹೊಟ್ಟೆ ಉಬ್ಬರ. ಹಗಲು ಮಲಗಿದರೆ ದರಿದ್ರ ಅಂತ ಅವ್ವ ಬೈತಾರೆ. ವಯಸ್ಸು 34.
– ರೈತ, ಹನೂರು

ಉತ್ತರ: ಮೊದಲು ಇದನ್ನು ನಿಮ್ಮ ಅವ್ವನಿಗೆ ಓದಿ ಹೇಳಿ. ದರಿದ್ರದ ಮಾತು ರಾತ್ರಿ ಕಣ್ತುಂಬ ಮಲಗಿ ಎದ್ದವರಿಗೆ. ರಾತ್ರಿಯಿಡೀ ಬೆಳೆ ಕಾದವನ ಹಗಲು ನಿದ್ದೆ ಸೋಮಾರಿತನವಲ್ಲ, ಬಾಕಿ ವಸೂಲಿ. ನರ್ಸ್, ವಾಚ್‌ಮನ್, ಬಸ್ ಡ್ರೈವರ್ ಎಲ್ಲರ ಮನೆಯಲ್ಲೂ ಇದೇ ರಾಗ ಕೇಳಿ ನನಗೆ ರೇಗಿಹೋಗಿದೆ.

ನಮ್ಮ ಮೈಯೊಳಗೆ ಸುಮಾರು 24 ಗಂಟೆಯ ಜೈವಿಕ ಗಡಿಯಾರವಿದೆ. ಅದರ ಒಳಮರ್ಮವನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿದ ಅಮೆರಿಕದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಈ ವಿದ್ಯೆಗೆ ದೊಡ್ಡ ಹೆಸರು ಎಂ.ಕೆ. ಚಂದ್ರಶೇಖರನ್, ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿದ್ದು ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದವರು. ಬೆಳಕೇ ಹೊಗದ ಗುಹೆಯಲ್ಲಿ ಬಾವಲಿಯನ್ನು ಪಂಜರದಲ್ಲಿಟ್ಟು ಅವರ ತಂಡ ನೋಡಿತು. ಸುತ್ತ ಹಿಂಡಿದ್ದರೆ, ಹಿಂಡು ಹೊರಗೆ ಹಾರುವ ಹೊತ್ತಿಗೇ ಪಂಜರದ್ದೂ ಎದ್ದು ಪಟಪಟಿಸುತ್ತಿತ್ತು. ಹಿಂಡಿಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟರೆ ಅದು ಏಳುವ ಹೊತ್ತು ದಿನದಿನಕ್ಕೂ ಜಾರುತ್ತಿತ್ತು.

ಅಂದರೆ ಕತ್ತಲಲ್ಲಿ ಬಾವಲಿಯ ಗಡಿಯಾರಕ್ಕೆ ಹಿಂಡೇ ಸುಳಿವು. ಮನುಷ್ಯನ ಗಡಿಯಾರ ಮಾತ್ರ ಹೆಚ್ಚಾಗಿ ಬೆಳಕನ್ನೇ ನಂಬುತ್ತದೆ. ನೀವು ಮಲಗಲು ಹೊರಟಾಗ ಅದು ಬಿಸಿಲು ಕಂಡು 'ಏಳು' ಅನ್ನುತ್ತದೆ. ಜೊತೆಗೆ ಮನೆಯವರ ಗದ್ದಲ. ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಬನ್ನಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಟಿವಿ ಆರಿಸಲು ಹೇಳಿ. ಸಾಧ್ಯವಿದ್ದರೆ ಅಣ್ಣತಮ್ಮಂದಿರು ಪಾಳಿ ಹಂಚಿಕೊಳ್ಳಿ. ನಡುರಾತ್ರಿ ಮುದ್ದೆ ಊಟ ಬೇಡ. ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಅರಗಿಸುವುದಿಲ್ಲ. 34 ಅಂತ ಉದಾಸೀನ ಮಾಡದೆ ಬಿಪಿ, ಖಾಲಿ ಹೊಟ್ಟೆಯ ಶುಗರ್ ನೋಡಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ 46. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಟೆಂಪೊ ಓಡಿಸ್ತಾರೆ. ಬೀದಿಗೆ ಕೇಳೋ ಹಾಗೆ ಗೊರಕೆ. ಸುಸ್ತಾದವರಿಗೆ ಒಳ್ಳೆ ನಿದ್ದೆ ಅಂತ ಅತ್ತೆ ಹೇಳ್ತಾರೆ. ಹಗಲೆಲ್ಲ ತೂಕಡಿಸ್ತಾರೆ.
– ಗೃಹಿಣಿ, ಕೊಳ್ಳೇಗಾಲ

ಉತ್ತರ: ಒಳ್ಳೆ ನಿದ್ದೆಯಾದವರು ಹಗಲು ತೂಕಡಿಸುತ್ತಾರೆಯೇ ತಾಯಿ? ಗೊರಕೆ ತಟ್ಟನೆ ನಿಂತು, ಉಸಿರು ಕಟ್ಟಿ, ಆಮೇಲೆ ಗಪ್ಪನೆ ಎಳೆದುಕೊಳ್ಳುತ್ತಾರೇನೋ ಒಂದು ರಾತ್ರಿ ಗಮನಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ಹಾಗಾಗುತ್ತಿದ್ದರೆ ಅದು ಗಂಟಲ ದಾರಿ ಮುಚ್ಚಿ ರಕ್ತದ ಆಮ್ಲಜನಕ ಇಳಿಯುವ ಕಾಯಿಲೆ, ಸ್ಲೀಪ್ ಆಪ್ನಿಯ ಇರಬಹುದು. ಬಿಪಿ, ಶುಗರ್, ಥೈರಾಯ್ಡ್ ಪರೀಕ್ಷೆ ಕೊಳ್ಳೇಗಾಲದಲ್ಲೇ ಆಗುತ್ತದೆ. ಒಂದು ರಾತ್ರಿಯ ಸ್ಲೀಪ್ ಸ್ಟಡಿಗೆ ಮೈಸೂರಿಗೆ ಹೋಗಿ, ಮುಂದೂಡಬೇಡಿ. ಸಂಜೆ ಕ್ವಾರ್ಟರ್ ಹಾಕುವ ಅಭ್ಯಾಸವಿದ್ದರೆ ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ, ಬಿಡಲಿ. ಚಿಕಿತ್ಸೆ ಆಗುವವರೆಗೆ ಬೆಟ್ಟದ ತಿರುವುಗಳಲ್ಲಿ ಸ್ಟೇರಿಂಗ್ ಬೇರೆಯವರ ಕೈಗೆ ಕೊಡಿ. ಹಿಂದೆ ಕೂತವರಿಗೂ ಮಕ್ಕಳಿದ್ದಾರೆ.

ಪ್ರಶ್ನೆ: ನಿವೃತ್ತ ಶಿಕ್ಷಕ, 67. ರಾತ್ರಿ 8ಕ್ಕೆ ಮಲಗಿದರೆ 3ಕ್ಕೆ ಎಚ್ಚರ. ಪಕ್ಕದ ಮನೆಯವರ ನಿದ್ದೆ ಮಾತ್ರೆ ಅರ್ಧ ತೆಗೆದುಕೊಳ್ಳಬಹುದೇ?
– ಯಳಂದೂರು

ಉತ್ತರ: ಮೇಷ್ಟ್ರೇ, ಲೆಕ್ಕ ಹಾಕಿ: ಏಳು ಗಂಟೆ ಆಯಿತಲ್ಲ! ವಯಸ್ಸಾದಂತೆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ಅಷ್ಟೆ. ಸಂಜೆ ಬಿಸಿಲಿನಲ್ಲಿ ನಡೆದಾಡಿ, 10ಕ್ಕೆ ಮಲಗಿ. ಪಕ್ಕದ ಮನೆಯ ಮಾತ್ರೆ ಮುಟ್ಟಬೇಡಿ. ಆ ಮಂಪರಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ವಿಪಸ್ಸನ ಧ್ಯಾನವನ್ನು ವರ್ಷಗಟ್ಟಲೆ ಮಾಡಿದವರಲ್ಲಿ ನಡುವಯಸ್ಸು ದಾಟುತ್ತಿದ್ದರೂ ಗಾಢ ನಿದ್ದೆ ಉಳಿದಿರುವುದನ್ನು ನಿಮ್ಹಾನ್ಸ್‌ನ ಬಿಂದು ಕುಟ್ಟಿ ಅವರ ತಂಡ ಕಂಡಿದೆ, ಆಸಕ್ತಿಯಿದ್ದರೆ ಕಲಿಯಿರಿ. ಮೂತ್ರಕ್ಕೆಂದು ಏಳುವುದಾದರೆ ಮಾತ್ರ ಶುಗರ್, ಪ್ರಾಸ್ಟೇಟ್ ತೋರಿಸಿ. ಮನಸ್ಸು ಮಂಕಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಪ್ರಶ್ನೆ: ರೇಷ್ಮೆ ಸಾಕುತ್ತೇವೆ. ಮಲಗಿದ ಕೂಡಲೇ ಕಾಲೊಳಗೆ ಹುಳ ಹರಿದಂತೆ. ಒದರಿದರೆ, ನಡೆದರೆ ಹಾಯೆನಿಸುತ್ತದೆ. ಹಗಲೆಲ್ಲ ಹುಳ ನೋಡಿ ನೋಡಿ ಭ್ರಮೆ ಅಂತ ಮನೆಯವರು ನಗುತ್ತಾರೆ. 38 ವರ್ಷ, ಮುಟ್ಟಿನಲ್ಲಿ ಸ್ರಾವ ಜಾಸ್ತಿ.
– ಕೊಳ್ಳೇಗಾಲ ತಾಲ್ಲೂಕು

ಉತ್ತರ: ನಗುವ ವಿಷಯವಲ್ಲ, ಭ್ರಮೆಯೂ ಅಲ್ಲ. ಕಬ್ಬಿಣದ ಕೊರತೆಯಿಂದ ಹೀಗಾಗುವುದುಂಟು. ಹಿಮೋಗ್ಲೋಬಿನ್ ಸರಿ ಇದೆಯೆಂದು ಬಿಟ್ಟುಬಿಡಬೇಡಿ, ಮೈಯ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಎಂದು ಬರೆಸಿಕೊಂಡೇ ಪರೀಕ್ಷೆ ಮಾಡಿಸಿ. ಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಿ, ಒಂದು ಸ್ಕ್ಯಾನಿಂಗ್ ಆಗಲಿ. ಊಟವಾದ ತಕ್ಷಣ ಕಾಫಿ, ಟೀ ಬೇಡ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಲೇಬೇಕು, ಗೊತ್ತು. ಆ ವಾರದ ರಾತ್ರಿ ಸೊಪ್ಪು ನಗುವವರು ಹಾಕಲಿ. ಟಾನಿಕ್ ಬಾಟಲಿ ಕೊಳ್ಳುವ ಮುನ್ನ ರಕ್ತ ಕೊಟ್ಟು ಬನ್ನಿ.